ಮುಯ್ಯಿ ಹೆಗಲು

ದರ್ಜಿ ಇಳಿಯುವಾಗ ಭಾರ, ಹತ್ತುವಾಗ ಹಗುರ. ಅವನನ್ನು ಹೊತ್ತ ಹೆಗಲುಗಳಿಗೆಲ್ಲ ಇದು ಗೊತ್ತಿತ್ತು.

ಅವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಕುಡಿದ ನೀರು ಮೈಯಲ್ಲೇ ನಿಲ್ಲುತ್ತಿತ್ತು. ಗುಡ್ಡದ ನೆತ್ತಿಯಲ್ಲಿದ್ದ ಅವನ ಕೋಣೆಯಿಂದ ಕೆಳಗೆ, ರಸ್ತೆ ಪಕ್ಕದ ಡಯಾಲಿಸಿಸ್ ಕೇಂದ್ರದವರೆಗೆ ಬರೀ ಮೆಟ್ಟಿಲು. ಕೆಲವು ಕಲ್ಲಿನವು, ಕೆಲವು ಸಿಮೆಂಟಿನವು, ಮಿಕ್ಕವು ಮಣ್ಣಿಗೆ ಹಲಗೆ ಹೂತು ಜನರೇ ಮಾಡಿಕೊಂಡವು. ಸೈಕಲ್ಲೂ ಏರದ ದಾರಿ. ರಕ್ತ ಶುದ್ಧಿ ಮಾಡುವ ಯಂತ್ರದ ದಿನ ಬಂತೆಂದರೆ ಅವನನ್ನು ಜೋಲಿಯಲ್ಲಿ ಕೂರಿಸಿ, ಜೋಲಿಯನ್ನು ಬಿದಿರಿನ ಗಳಕ್ಕೆ ಕಟ್ಟಿ, ಮುಂದೊಬ್ಬರು ಹಿಂದೊಬ್ಬರು ಹೊತ್ತು ಇಳಿಸುತ್ತಿದ್ದರು. ಸಂಜೆಯ ಹೊತ್ತಿಗೆ ಯಂತ್ರ ಅವನ ಮೈಯ ನೀರನ್ನು ತೆಗೆದಿರುತ್ತಿತ್ತು. ವಾಪಸ್ ಹತ್ತುವಾಗ ಗಳ ಹೆಗಲನ್ನು ಅಷ್ಟು ಕಚ್ಚುತ್ತಿರಲಿಲ್ಲ.

"ಒಗೆದು ಹಿಂಡಿ ಕೊಟ್ಟಿದ್ದಾರೆ ಕಣೇ," ಎನ್ನುತ್ತಿದ್ದ ದರ್ಜಿ ಜೋಲಿಯೊಳಗಿಂದ. "ಇನ್ನು ತಂತಿ ಮೇಲೆ ಒಣಗಿಹಾಕೋದು ನಿನ್ನ ಕೆಲಸ."

"ಇಸ್ತ್ರಿನೂ ಮಾಡಿಸ್ತೀನಿ. ಸುಮ್ನೆ ಕೂತ್ಕೊಳ್ಳಿ ಭಾವ, ಅಲುಗಾಡ್ಬೇಡಿ," ಎನ್ನುತ್ತಿದ್ದಳು ಅವಳು.

ಅವಳು ಅವನ ನಾದಿನಿ. ಹೆಂಡತಿಯ ತಂಗಿ. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಸಂಬಂಧ ಉಳಿದಿತ್ತು. ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳ ಕೆಲಸ. ದಿನವೆಲ್ಲ ಬಿಸಿ ಹಬೆಯಲ್ಲಿ ನಿಂತು ರಕ್ತದ ಹಾಸಿಗೆ ಬಟ್ಟೆ, ಕೀವಿನ ಬಟ್ಟೆ, ಸತ್ತವರ ಮೇಲೆ ಹೊದಿಸಿದ್ದ ಬಟ್ಟೆ ಬೇರೆ ಬೇರೆ ಮಾಡುತ್ತಿದ್ದಳು. ಒಗೆಯುವ ಸೋಡಾ ತಾಗಿ ತಾಗಿ ಅಂಗೈ ಬಿರುಕು ಬಿಟ್ಟಿತ್ತು. ಗುಡ್ಡದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಹೆಗಲಕ್ಕ ಎಂದು. ಮೊದಲು ಅಣಕಿಸಿ ಕರೆದದ್ದು. ಆಮೇಲೆ ಅದೇ ಹೆಸರಾಯಿತು.

ಆ ಊರಿನಲ್ಲಿ ಎಲ್ಲರಿಗಿಂತ ಮೇಲೆ ಇರುವವರೇ ಎಲ್ಲರಿಗಿಂತ ಕೆಳಗಿನವರು. ಗುಡ್ಡದವರು ಎಂದು ತಿಳಿದರೆ ಸಾಕು, ಕೆಲಸಕ್ಕೆ ಕರೆದವರು ಹಿಂಬಾಗಿಲು ತೋರಿಸುತ್ತಿದ್ದರು. ಗುಡ್ಡದಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಇಳಿಸುವುದೇ ಒಂದು ಕಾಯಿಲೆ. ಹಿಂದೆ ಗಾರೆ ಕೆಲಸದವನೊಬ್ಬ ಸಾರುವೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಮನೆಯ ಬಾಗಿಲು ಕಿತ್ತು ಅದರ ಮೇಲೆ ಮಲಗಿಸಿ ಇಳಿಸಹೋದರು. ಅರ್ಧ ದಾರಿಯಲ್ಲಿ ಬಾಗಿಲಿನಿಂದ ಜಾರಿ ಅದೇ ಕಾಲು ಇನ್ನೊಮ್ಮೆ ಮುರಿಯಿತು. ಅವನು ಕೂಗಿದ್ದನ್ನು ಗುಡ್ಡವೆಲ್ಲ ಕೇಳಿತು.

ಅವಳು ಮಾರನೆಯ ದಿನ ಆಸ್ಪತ್ರೆಯಲ್ಲಿ ಹರಿದು ಎಸೆದಿದ್ದ ಹಾಸಿಗೆ ಬಟ್ಟೆಗಳನ್ನು ಕೇಳಿ ತಂದಳು. ಭಾವನ ಮುಂದೆ ಹಾಕಿದಳು.

"ಇದರಲ್ಲಿ ಮನುಷ್ಯ ಕೂರೋ ಹಾಗೆ ಏನಾದ್ರೂ ಹೊಲೀರಿ."

ಭಾವ ಆಗ ಗಟ್ಟಿಯಾಗಿದ್ದ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಹಗ್ಗ ಕೊಟ್ಟು, ಹೊಲಿದ ಮೇಲೆ ಹೊಲಿದ. ಸೂಜಿ ಮುರಿಯಿತು. ಬೇರೆ ಹಾಕಿದ. "ನಾನು ಹೊಲಿದ ಅಂಗಿ ಹರಿದ್ರೆ ಬೈತಾರೆ," ಅಂದ. "ಇದು ಹರಿದ್ರೆ ಬೈಯೋಕೂ ಜನ ಉಳಿಯಲ್ಲ."

ಗಾರೆಯವನನ್ನು ಅದರಲ್ಲೇ ಹೊತ್ತರು. ಕಾಲು ಕೂಡಿಕೊಂಡ ಮೇಲೆ ಅವನು ಅವಳ ಮನೆ ಬಾಗಿಲಿಗೆ ಬಂದು ಕೈ ಹೊಸಕುತ್ತ ನಿಂತ.

"ಏನು ಕೊಡ್ಲಿ ಅಕ್ಕ?"

"ಹೆಗಲು ಕೊಡು."

ಸಂಘ ಹುಟ್ಟಿದ್ದು ಹಾಗೆ. ಅದಕ್ಕೆ ಒಂದೇ ನಿಯಮ. ಜೋಲಿಯಲ್ಲಿ ಕೂತವರ ಮನೆಯಿಂದ ಮುಂದಿನವರಿಗೆ ಹೆಗಲು ಬರಬೇಕು. ಯಾರನ್ನಾದರೂ ಜೋಲಿಯಲ್ಲಿ ಕೂರಿಸುವಾಗ ಅವಳು ಹಗ್ಗ ಬಿಗಿಯುತ್ತ ಹೇಳುತ್ತಿದ್ದಳು: "ಕೂತ್ರೆ ಹೊರಬೇಕು, ನೆನಪಿರಲಿ." ನೋವಿನಲ್ಲಿ ಹಲ್ಲು ಕಚ್ಚಿಕೊಂಡವರೂ ಹ್ಞೂಂ ಎನ್ನುತ್ತಿದ್ದರು.

ಇಸ್ತ್ರಿ ಅಂಗಡಿಯವನು ಮೊದಮೊದಲು ಹೊರಲು ಬರಲಿಲ್ಲ. ಅವನ ತಾಯಿಯನ್ನು ಹೊತ್ತಾಗಿತ್ತು. "ಹಗಲೆಲ್ಲ ದುಡಿದು ಬಂದು ಮತ್ತೆ ಬಿಟ್ಟಿ ಚಾಕರಿನಾ? ನಮ್ಮಪ್ಪ, ನಮ್ಮಜ್ಜ ಮಾಡಿದ್ದು ಸಾಲದಾ?" ಅಂದ.

"ಬಿಟ್ಟಿ ಅಲ್ಲಪ್ಪ, ಮುಯ್ಯಿ," ಅಂದಳು ಅವಳು. "ಬಿಟ್ಟಿ ಅಂದ್ರೆ ಒಬ್ಬ ಹೊರೋದು, ಇನ್ನೊಬ್ಬ ಕೂರೋದು. ಮುಯ್ಯಿ ಅಂದ್ರೆ ಇವತ್ತು ಹೊತ್ತವನು ನಾಳೆ ಕೂರಬಹುದು, ಕೂತವನು ಹೊರಬಹುದು."

ಅವನು ಒಪ್ಪಲಿಲ್ಲ. ಅವಳು ಜಗಳವಾಡಲಿಲ್ಲ. ಸಂಜೆ ಕೆಲಸ ಮುಗಿಸಿ ಬಂದು ಅವನ ಅಂಗಡಿ ಮುಂದೆ ನಿಂತಳು. ಮಾತಿಲ್ಲ. ಕೈ ಕಟ್ಟಿಲ್ಲ. ಮುಖದಲ್ಲಿ ಸಿಟ್ಟೂ ಇಲ್ಲ. ಗಿರಾಕಿಗಳು ಬಂದರು, ಅವಳನ್ನು ನೋಡಿದರು, ಅವನನ್ನು ನೋಡಿದರು, ಹೋದರು. ಮಾರನೆಯ ಸಂಜೆಯೂ ನಿಂತಳು. ಅದರ ಮಾರನೆಯ ದಿನ ಅವನೇ ಹೆಗಲಿಗೆ ಟವೆಲ್ ಮಡಿಸಿ ಹಾಕಿಕೊಂಡು ಬಂದ.

"ಬೈದಿದ್ರೆ ತಿರುಗಿ ಬೈಬಹುದಿತ್ತು," ಎಂದು ಆಮೇಲೆ ಅವನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ. "ಸುಮ್ನೆ ನಿಂತ್ಕೊಂಡುಬಿಡ್ತಾಳಲ್ಲ ಪುಣ್ಯಾತ್ಗಿತ್ತಿ, ಅದು ತಡೆಯೋಕಾಗಲ್ಲ."

ಅವಳಿಗೆ ಭಾಷಣ ಬರುತ್ತಿರಲಿಲ್ಲ. ಸಂಘ ಬೆಳೆದದ್ದು ಈ ನಿಲ್ಲುವುದರಿಂದ. ಹೊತ್ತಷ್ಟೂ ಹೊರುವವರು ಹೆಚ್ಚಿದರು. ಗುಡ್ಡದ ಆಚೆ ಮಗ್ಗುಲಿನ ಓಣಿಯವರು ತಮಗೂ ಒಂದು ಜೋಲಿ ಬೇಕೆಂದು ಬಂದರು. ದರ್ಜಿ ಹೊಲಿದುಕೊಟ್ಟ. ಗಂಡಸರ ಹೆಗಲು ಎತ್ತರ, ಹೆಂಗಸರದು ಗಿಡ್ಡ; ಎತ್ತರದವರು ಕೆಳಬದಿಗೆ, ಗಿಡ್ಡವರು ಮೇಲ್ಬದಿಗೆ ನಿಂತರೆ ಜೋಲಿ ಮಟ್ಟ ಇರುತ್ತದೆ. ಅವಳು ಮಾತ್ರ ಗಿಡ್ಡವಳಾಗಿದ್ದರೂ ಕೆಳಬದಿಯನ್ನು ಬಿಡುತ್ತಿರಲಿಲ್ಲ. ಮೆಟ್ಟಿಲಲ್ಲಿ ಭಾರವೆಲ್ಲ ಬೀಳುವುದು ಕೆಳಗಿದ್ದವರ ಮೇಲೇ. ಅದನ್ನು ಹೊರು ಎಂದು ಇನ್ನೊಬ್ಬರಿಗೆ ಹೇಳುವುದಕ್ಕೆ ಅವಳಿಗೆ ಬಾಯಿ ಬರುತ್ತಿರಲಿಲ್ಲ.

ಆಮೇಲೆ ದರ್ಜಿಯೇ ಕಾಯಿಲೆ ಬಿದ್ದ. ಹೊಲಿದವನೇ ಜೋಲಿಯಲ್ಲಿ ಕೂತ. "ನಾನು ಹೊರೋಕಾಗಲ್ಲ, ನನ್ನ ಮುಯ್ಯಿ ಸೂಜಿಯಲ್ಲಿ ಹಿಡ್ಕೊಳ್ಳಿ," ಅಂದ. ಹಿಡಿದುಕೊಂಡರು.

ಡಯಾಲಿಸಿಸ್ ಕೇಂದ್ರದಲ್ಲಿ ಬಡವರಿಗೆಂದು ಒಂದೇ ಒಂದು ಪುಕ್ಕಟೆ ಸೀಟು. ಅದು ಕೆಳಗಿನ ಊರಿನ ದೊಡ್ಡ ಸೇವಾ ಕ್ಲಬ್ಬಿನದು. ಅವಳು ಹೋಗಿ ಕೇಳಿದಳು. ಕೊಟ್ಟರು. ಆ ಉಪಕಾರವನ್ನು ಅವಳು ಮರೆತವಳಲ್ಲ. ಮುಂದೆ ನಡೆದದ್ದಕ್ಕೆಲ್ಲ ಅದೇ ಕೊಂಡಿ.

ಕ್ಲಬ್ಬಿನ ಕಾರ್ಯದರ್ಶಿ ಮೇಡಂ ಒಂದು ದಿನ ಕೇಂದ್ರದ ಗೇಟಿನಲ್ಲಿ ಜೋಲಿ ಇಳಿಯುವುದನ್ನು ನೋಡಿದರು. ಕಣ್ಣರಳಿಸಿದರು. ಒಳ್ಳೆಯ ಹೆಂಗಸು, ಬೆವರಿದ್ದವರಿಗೆ ತಾವೇ ನೀರು ಕೊಟ್ಟರು. "ನೀವು ನಮ್ಮ ಜೊತೆ ಸೇರಿಬಿಡಿ. ನಮ್ಮ ಶಾಖೆ ಆಗಿ. ಇದನ್ನ ಎಷ್ಟು ದೊಡ್ಡದು ಮಾಡಬಹುದು ಗೊತ್ತಾ?" ಅಂದರು.

ಸೇರಿದರು. ಹಳದಿ ಜಾಕೆಟ್ಟು ಬಂತು. ಗಾಲಿ ಇರುವ ಸ್ಟ್ರೆಚರ್ ಬಂತು. ಮೆಟ್ಟಿಲಿನ ಮೇಲೆ ಗಾಲಿಗೇನು ಕೆಲಸ? ಅದು ಗುಡ್ಡದ ಬುಡದ ಕಿರಾಣಿ ಅಂಗಡಿಯ ಪಕ್ಕ ನಿಂತಿತು. ಅಂಗಡಿಯವಳು ಅದರ ಮೇಲೆ ಮೆಣಸಿನಕಾಯಿ ಒಣಗಿಸಿದಳು. ಹೆಸರೂ ಬದಲಾಯಿತು.

"ಮುಯ್ಯಿ ಸಂಘ ಅಂದ್ರೆ ಸರಿ ಕೇಳಲ್ಲ," ಅಂದರು ಮೇಡಂ. "ಮುಯ್ಯಿ ಅಂದ್ರೆ ಸೇಡು ಅಂತ ಅರ್ಥ ಬರುತ್ತಲ್ವಾ, ಮುಯ್ಯಿಗೆ ಮುಯ್ಯಿ ಅಂತಾರಲ್ಲ? ಸ್ನೇಹ ಸೇವಾ ಘಟಕ ಅಂತ ಇಡೋಣ."

"ನಾವು ಸೇಡಿನ ಅರ್ಥದಲ್ಲಿ ಹೇಳಲ್ಲ ಮೇಡಂ."

"ನೀವು ಹೇಳಲ್ಲಮ್ಮ. ಕೇಳೋರು ಹಾಗೆ ಕೇಳ್ತಾರೆ."

ಸದಸ್ಯತ್ವದ ಮಾತು ಬಂದಾಗ ಮೇಡಂ ಸ್ವಲ್ಪ ತಡವರಿಸಿದರು. ಕ್ಲಬ್ಬಿನ ಸೇವೆ ಪಡೆಯುವವರು ಕ್ಲಬ್ಬಿನ ಸದಸ್ಯರಾಗುವಂತಿಲ್ಲವಂತೆ. ಕೊಡುವವರು ಬೇರೆ, ಪಡೆಯುವವರು ಬೇರೆ. ಗುಡ್ಡದಲ್ಲಿ ಜೋಲಿಯಲ್ಲಿ ಕೂರದ ಮನೆ ಯಾವುದು? ಹಾಗಾಗಿ ಹೆಗಲಕ್ಕನೂ ಸೇರಿ ಎಲ್ಲರೂ 'ಫಲಾನುಭವಿ ಕಾರ್ಯಕರ್ತರು'.

ಗಾರೆಯವನು ದಾರಿಯುದ್ದಕ್ಕೂ ಆ ಪದವನ್ನು ಅಗಿಯುತ್ತ ಬಂದ. "ಫಲ ಯಾವ ಕಡೆ ಹೋಯ್ತೋ ಕಾಣೆ. ಅನುಭವ ಮಾತ್ರ ಹೆಗಲ ಮೇಲೆ ಕೂತಿದೆ."

ಅವಳು ನಗಲಿಲ್ಲ. ಆ ದಿನ ವಾಪಸ್ ಹೊರಡುವ ಮೊದಲು ಕ್ಲಬ್ಬಿನ ಸಭಾಂಗಣದಲ್ಲಿ ಅವಳನ್ನು ಎಲ್ಲರಿಗೂ ಪರಿಚಯ ಮಾಡಿಕೊಡುವುದಿತ್ತು. ಗುಡ್ಡದ ಘಟಕದ ನಾಯಕಿ ಎಂದು. ಅವಳು ಗೋಡೆಯ ಪಕ್ಕ ಹೆಸರು ಕರೆಯುವುದನ್ನೇ ಕಾಯುತ್ತ ನಿಂತಿದ್ದಳು. ಕೋಟು ತೊಟ್ಟ ಒಬ್ಬರು ಮಾತನಾಡುತ್ತಲೇ ಬಂದು, ಮಾತು ನಿಲ್ಲಿಸದೆ, ಕುಡಿದು ಮುಗಿಸಿದ ಟೀ ಕಪ್ಪನ್ನು ಅವಳ ಕೈಗೆ ಕೊಟ್ಟರು. ಅವಳು ತೆಗೆದುಕೊಂಡಳು. ಇನ್ನೊಬ್ಬರು ಕೊಟ್ಟರು. ಅದನ್ನೂ ತೆಗೆದುಕೊಂಡಳು. ಹೆಸರು ಕರೆದಾಗ ಅವಳ ಎರಡೂ ಕೈಯಲ್ಲಿ ಎಂಜಲು ಕಪ್ಪುಗಳು. ಚಪ್ಪಾಳೆ ಬಿತ್ತು. ಕಪ್ಪು ಇಡಲು ಜಾಗ ಹುಡುಕುವಷ್ಟರಲ್ಲಿ ಚಪ್ಪಾಳೆ ಮುಗಿದಿತ್ತು.

ಯಾರೂ ಒತ್ತಾಯ ಮಾಡಿರಲಿಲ್ಲ. ಕೈಯೇ ಮುಂದೆ ಹೋಗಿತ್ತು. ಬಹಳ ದಿನ ಅವಳನ್ನು ಕೊರೆದದ್ದು ಅದು. ಕೊಟ್ಟವರ ಮೇಲೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ತನ್ನ ಕೈಯನ್ನು ಏನು ಮಾಡುವುದು?

ಕ್ಲಬ್ಬುಗಳ ನಡುವೆ ಒಂದು ಸ್ಪರ್ಧೆ ಇತ್ತು. ಅತ್ಯುತ್ತಮ ಸೇವಾ ಕಾರ್ಯಕ್ಕೆ ಬಹುಮಾನ. ಅದಕ್ಕಾಗಿ ಅಧ್ಯಕ್ಷರು ಗುಡ್ಡಕ್ಕೆ ಬಂದರು, ಮೇಡಂ ಜೊತೆಗೆ, ಫೋಟೋದವನ ಜೊತೆಗೆ. ಅಧ್ಯಕ್ಷರದು ಸೋಫಾ, ಮಂಚ, ಕುರ್ಚಿಗಳ ದೊಡ್ಡ ಅಂಗಡಿ. ಭಾರಿ ಆಳು. ನಗುಮುಖ. ಅದು ದರ್ಜಿಯ ಯಂತ್ರದ ದಿನ. ಅವನನ್ನು ಇಳಿಸುವುದನ್ನೇ ಫೋಟೋ ತೆಗೆಯುವುದು ಎಂದಾಗಿತ್ತು. ಹಿಂದಿನ ದಿನ ಯಾರನ್ನೋ ಇಳಿಸಿದ ಮೇಲೆ ಜೋಲಿ ಕೆಳಗಿನ ಕಿರಾಣಿ ಅಂಗಡಿಯಲ್ಲೇ ಉಳಿದಿತ್ತು. ಮೇಲೆ ಒಯ್ಯಬೇಕಿತ್ತು.

ಅಧ್ಯಕ್ಷರು ಮೆಟ್ಟಿಲುಗಳನ್ನು ಕತ್ತೆತ್ತಿ ನೋಡಿದರು. ಜೋಲಿಯನ್ನು ನೋಡಿದರು. "ಹೇಗಿದ್ರೂ ಖಾಲಿ ಹೋಗುತ್ತಲ್ಲ. ನಾನೇ ಕೂರ್ತೀನಿ. ರೋಗಿಗೆ ಹೇಗಿರುತ್ತೆ ಅಂತ ಅನುಭವ ಆಗಬೇಡವಾ?" ಅಂದರು. ಮೇಡಂ "ಎಂಥಾ ಐಡಿಯಾ ಸಾರ್!" ಅಂದರು.

ಗಾರೆಯವನು ಅವಳ ಮುಖ ನೋಡಿದ. ಅವಳು ಜೋಲಿ ಬಿಡಿಸಿದಳು. ಅಧ್ಯಕ್ಷರನ್ನು ಕೂರಿಸಿ ಹಗ್ಗ ಬಿಗಿದಳು. ಬಿಗಿಯುತ್ತ, ಎಲ್ಲರಿಗೂ ಹೇಳುವ ಮಾತನ್ನು ಅವರಿಗೂ ಹೇಳಿದಳು.

"ಕೂತ್ರೆ ಹೊರಬೇಕು ಸಾರ್, ನೆನಪಿರಲಿ."

ಬೇಕೆಂದು ಹೇಳಿದ್ದಲ್ಲ. ಹಗ್ಗದ ಗಂಟಿನ ಜೊತೆ ಬಾಯಿಗೆ ತಾನಾಗಿ ಬರುವ ಮಾತು ಅದು.

"ಆಯ್ತಮ್ಮ, ಹೊರ್ತೀನಿ," ಎಂದು ಅಧ್ಯಕ್ಷರು ನಕ್ಕರು.

ಇಬ್ಬರಿಂದ ಏಳಲಿಲ್ಲ. ಮುಂದೆ ಇಬ್ಬರು, ಹಿಂದೆ ಇಬ್ಬರು ಆದರು. ಹಿಂದೆ, ಕೆಳಬದಿಗೆ, ಅವಳು ಮತ್ತು ಗಾರೆಯವನು. ಮುಂದೆ ಇಸ್ತ್ರಿಯವನು ಮತ್ತು ಅವನ ತಮ್ಮ. ಗಳ ಬಾಗಿತು. ಹೆಗಲಿನ ಮೂಳೆಯ ಮೇಲೆ ಬಿದಿರು ಕೂತು ತಿರುಚಿತು. ಬೆನ್ನಿನಿಂದ ಬೆವರು ಇಳಿದು ಕಾಲಿನವರೆಗೆ ಹರಿಯಿತು. ಅವಳು ಗರ್ಭಿಣಿಯರನ್ನು ಹೊತ್ತಿದ್ದಳು, ಹೆಣ ಹೊತ್ತಿದ್ದಳು. ಇಷ್ಟು ಭಾರ ಎಂದೂ ಹೊತ್ತಿರಲಿಲ್ಲ.

ಅರ್ಧ ದಾರಿಯಲ್ಲಿ ಫೋಟೋದವನು ಮೇಲಿನಿಂದ ಕೂಗಿದ: "ಹಾಗೇ ನಿಲ್ಲಿ! ಸ್ವಲ್ಪ ನಗಿ!"

ನಿಂತರು. ಮೆಟ್ಟಿಲ ಮೇಲೆ ಒಂದು ಕಾಲು, ಕೆಳಗೊಂದು ಕಾಲು. ಅಷ್ಟರಲ್ಲಿ ಅಧ್ಯಕ್ಷರಿಗೆ ಫೋನು ಬಂತು. ಜೋಲಿಯಲ್ಲಿ ಕೂತೇ ತೆಗೆದರು. "ಹಾಂ ಹೇಳಿ... ಇಲ್ಲಪ್ಪ, ಆರಾಮಾಗಿದ್ದೀನಿ, ಒಂದು ಸೇವಾ ಕಾರ್ಯದಲ್ಲಿದ್ದೀನಿ... ಆ ಮೂರು ಸೀಟಿನ ಸೋಫಾ ಕಳಿಸಿಬಿಡಿ..."

"ಪಲ್ಲಕ್ಕಿ ಆಯ್ತಲ್ಲಕ್ಕ," ಎಂದು ಗಾರೆಯವನು ಹಲ್ಲಿನ ನಡುವೆ ಅಂದ.

ಅವಳು ಗಳವನ್ನು ಹೆಗಲ ಮೇಲೆ ಇನ್ನೊಂದಿಷ್ಟು ಒಳಕ್ಕೆ ಸರಿಸಿಕೊಂಡಳು.

ಮೇಲೆ ತಲುಪಿದಾಗ ಇಸ್ತ್ರಿಯವನು ಕುಸಿದು ಕೂತ. ಅಧ್ಯಕ್ಷರು ಜೋಲಿಯಿಂದ ಇಳಿದು ಪ್ಯಾಂಟು ಕೊಡವಿಕೊಂಡು "ಅದ್ಭುತ ಅನುಭವ," ಅಂದರು. ಬಾಗಿಲಲ್ಲಿ ಕಾಯುತ್ತ ಕೂತಿದ್ದ ದರ್ಜಿಯ ಹೊತ್ತು ಆಗಲೇ ಮೀರುತ್ತಿತ್ತು. ಅವನ ಕಣ್ಣಿನ ಕೆಳಗೆ ನೀರು ತುಂಬಿ ಚೀಲ ಕಟ್ಟಿತ್ತು. ಅವನನ್ನು ಕೂರಿಸಿದರು. ಹಗ್ಗ ಬಿಗಿದರು. ಅವಳು ಕೆಳಬದಿಯ ಗಳದ ತುದಿಯನ್ನು ಹಿಡಿದು, ಹೆಗಲಿಗೆ ಇಡದೆ, ಅಧ್ಯಕ್ಷರ ಕಡೆ ತಿರುಗಿದಳು.

"ಬನ್ನಿ ಸಾರ್. ನಿಮ್ಮ ಹೆಗಲು."

ಅವರು ನಕ್ಕರು. ಮೇಡಂ ನಕ್ಕರು. ಅವಳು ನಗಲಿಲ್ಲ.

"ತಮಾಷೆ ಮಾಡ್ತಿದ್ದಾಳೆ," ಅಂದರು ಅಧ್ಯಕ್ಷರು.

"ಇಲ್ಲ ಸಾರ್. ಕೂತ್ರೆ ಹೊರಬೇಕು. ನೀವೇ ಹೊರ್ತೀನಿ ಅಂದ್ರಿ."

"ಅಮ್ಮ, ನನಗೆ ಬೆನ್ನು ನೋವು. ಡಾಕ್ಟರು ಭಾರ ಎತ್ತಬಾರದು ಅಂದಿದ್ದಾರೆ. ಬೇಕಾದ್ರೆ ಡ್ರೈವರ್‌ನ ಕರೆಸ್ತೀನಿ."

"ಕೂತವರು ಡ್ರೈವರ್ ಅಲ್ಲ ಸಾರ್."

ಮೇಡಂ ನಡುವೆ ಬಂದರು. "ಸಾರ್, ಸುಮ್ನೆ ಒಂದು ಫೋಟೋಗೆ ಕೈ ಇಡಿ. ಮುಗೀತು." ಅಧ್ಯಕ್ಷರು ಗಳದ ಮೇಲೆ ಕೈ ಇಟ್ಟರು. ಫೋಟೋದವನು ಒತ್ತಿದ. ಅವರು ಕೈ ತೆಗೆದರು.

"ಎತ್ತಿ ಸಾರ್," ಅಂದಳು ಅವಳು.

ಆಮೇಲೆ ನಿಂತಳು. ಇಸ್ತ್ರಿ ಅಂಗಡಿಯ ಮುಂದೆ ನಿಂತ ಹಾಗೆ, ಸಿಟ್ಟಿಲ್ಲದೆ, ಮಾತಿಲ್ಲದೆ. ಗುಡ್ಡದ ಕಿಟಕಿಗಳಲ್ಲಿ ಮುಖಗಳು ಬಂದವು. ಪಾತ್ರೆ ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು. ಎಲ್ಲರಿಗೂ ಗೊತ್ತಿತ್ತು ಅವಳು ನಿಂತರೆ ಏನೆಂದು. ಅಧ್ಯಕ್ಷರಿಗೆ ಗೊತ್ತಿರಲಿಲ್ಲ. ಆದರೂ ಅವರ ಮುಖದ ನಗು ಸ್ವಲ್ಪ ಸ್ವಲ್ಪವಾಗಿ ಇಳಿಯಿತು.

"ಬಿಡೇ," ಅಂದ ದರ್ಜಿ ಜೋಲಿಯಿಂದ. "ನನಗೆ ಹೊತ್ತಾಗುತ್ತೆ."

ಅವಳಿಗೆ ಕೇಳಿಸಿತು. ಅವನ ಉಸಿರು ಗೊರಗೊರ ಅನ್ನುತ್ತಿದ್ದದ್ದೂ ಕೇಳಿಸಿತು. ಗಳ ಎತ್ತಬೇಕು ಎಂದು ಮನಸ್ಸು ಹೇಳಿತು. ಅಂದು ಕಪ್ಪಿಗಾಗಿ ತಾನಾಗಿ ಮುಂದೆ ಹೋಗಿದ್ದ ಕೈ ಇಂದು ಮುಂದೆ ಹೋಗಲಿಲ್ಲ. ಅವರು ಒಂದೇ ಒಂದು ಸಲ ಎತ್ತಲಿ, ಅಷ್ಟೆ. ಅವಳು ತನ್ನ ಕೈಯನ್ನೇ ನೋಡುತ್ತ ನಿಂತಳು.

ಯಾವುದೋ ಕಿಟಕಿಯಿಂದ ಒಂದು ಮುದಿ ಹೆಂಗಸಿನ ದನಿ ಬಂತು. "ಕೂರುವಾಗ ಇಲ್ಲದ ಬೆನ್ನು ನೋವು ಹೊರುವಾಗ ಬಂತಾ?"

ಒಬ್ಬರು ನಕ್ಕರು. ಇನ್ನೊಬ್ಬರು. ಆಮೇಲೆ ಇಡೀ ಗುಡ್ಡ ನಕ್ಕಿತು. ಎಂದೂ ಹಾಗೆ ನಕ್ಕಿರಲಿಲ್ಲ. ಆ ನಗುವನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕೆ ದಾರಿ ಇರಲಿಲ್ಲ. ಅಧ್ಯಕ್ಷರು ಮೆಟ್ಟಿಲಿಳಿದರು. ಚೆನ್ನಾಗಿ ಇಳಿದರು, ಕಾಲು ಗಟ್ಟಿ ಇತ್ತು. ಮೇಡಂ ಹಿಂದೆ ಓಡಿದರು.

ಆ ದಿನ ತಡವಾಗಿ ಹೋದದ್ದಕ್ಕೆ ಯಂತ್ರ ದರ್ಜಿಗೆ ಅರ್ಧ ಹೊತ್ತು ಮಾತ್ರ ಸಿಕ್ಕಿತು. ಹತ್ತುವಾಗ ಅವನು ಅರ್ಧವೇ ಹಗುರ.

ಮುಂದಿನ ಸಲ ಹೋದಾಗ ಗೇಟಿನ ವಾಚ್‌ಮನ್ ಜೋಲಿಯನ್ನು ತಡೆದ. ಅವನೂ ಗುಡ್ಡದವನೇ. ಅವನ ಹೆಂಡತಿಯನ್ನು ಹೆರಿಗೆಗೆ ಹೊತ್ತಾಗಿತ್ತು. ಅವನು ನೆಲ ನೋಡಿಕೊಂಡು ಹೇಳಿದ, "ಅಕ್ಕ, ಆ ಸೀಟು ಬೇರೆಯವರಿಗೆ ಕೊಟ್ಟಿದ್ದಾರಂತೆ."

"ಯಾರು ಹೇಳಿದ್ದು?"

"ಒಳಗಿಂದ. ನಾನು ಗೇಟು, ಅಕ್ಕ. ನನ್ನ ಕೇಳಬೇಡ."

ಹೊತ್ತು ತಂದ ಭಾರವನ್ನು ಹಾಗೇ ಹೊತ್ತು ಹತ್ತಿದರು. ಇಸ್ತ್ರಿಯವನು ಮೇಲೆ ತಲುಪಿದ ಮೇಲೆ ಅಂದ, "ಒಂದು ಫೋಟೋ ತೆಗೆಸ್ಕೊಂಡು ಹೋಗಲಿ ಅಂತ ಬಿಟ್ಟಿದ್ರೆ ಆಗ್ತಿತ್ತು. ನಿನ್ನ ನಿಯಮ ನಮ್ಮ ಮಟ್ಟಿಗೆ ಅಕ್ಕ. ಅವರ ಮೇಲೆ ಯಾಕೆ ಹಾಕಿದೆ?" ಅವನು ಹೇಳಿದ್ದು ಸುಳ್ಳೆಂದು ಅವಳಿಗೆ ಅನ್ನಿಸಲಿಲ್ಲ. ತಾನು ಮಾಡಿದ್ದು ತಪ್ಪೆಂದೂ ಅನ್ನಿಸಲಿಲ್ಲ. ಎರಡರ ನಡುವೆ ಭಾವ ಗೋಡೆಗೆ ಒರಗಿ ಕೂತಿದ್ದ.

ಅವಳು ತಾನು ಕೆಲಸ ಮಾಡುವ ದೊಡ್ಡಾಸ್ಪತ್ರೆಯಲ್ಲಿ ಕೇಳಿದಳು. ಅಲ್ಲಿಯ ಯಂತ್ರದ ಕೋಣೆಯ ಹಾಸಿಗೆ ಬಟ್ಟೆಗಳನ್ನು ಅವಳೇ ಒಗೆಯುತ್ತಿದ್ದಳು. "ಸರದಿ ದೊಡ್ಡದಿದೆ, ಕರೆದಾಗ ಬನ್ನಿ," ಅಂದರು. ಯಾವಾಗ ಕರೀತೀರಿ ಎಂದಳು. "ಯಾರಾದ್ರೂ ಬಿಟ್ಟುಹೋದ್ರೆ," ಅಂದರು. ಬಿಟ್ಟುಹೋಗುವುದು ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಅಂಥವರ ಮೇಲೆ ಹೊದಿಸಿದ ಬಟ್ಟೆ ಮರುದಿನ ಅವಳ ಕೈಗೇ ಬರುತ್ತಿತ್ತು.

ಕೊನೆಗೆ ಅವಳು ಅಧ್ಯಕ್ಷರ ಅಂಗಡಿಗೆ ಹೋದಳು.

ಗಾಜಿನ ಬಾಗಿಲು. ಒಳಗೆ ಸಾಲುಸಾಲು ಸೋಫಾ, ಒರಗು ಕುರ್ಚಿ, ತೂಗು ಕುರ್ಚಿ. ಊರೆಲ್ಲ ಬಂದು ಕೂತರೂ ಮಿಗುವಷ್ಟು. ಅವಳು ನಡುವೆ ನಿಂತಳು. ಅವಳಿಗೆ ಗೊತ್ತಿದ್ದದ್ದು ಅದೊಂದೇ. ಬೆಳಿಗ್ಗೆಯಿಂದ ನಿಂತಳು. ಗಿರಾಕಿಗಳು ಬಂದರು, ಕೂತು ನೋಡಿದರು, ಅವಳನ್ನು ಸುತ್ತಿ ಬಳಸಿ ಹೋದರು. ಒಬ್ಬಳು ಅವಳಿಗೆ ತನ್ನ ಚೀಲ ಕೊಟ್ಟು "ಸ್ವಲ್ಪ ಹಿಡ್ಕೋಮ್ಮ" ಎಂದು ಸೋಫಾ ಮೇಲೆ ಕುಪ್ಪಳಿಸಿ ನೋಡಿದಳು. ಗುಡ್ಡದಲ್ಲಿ ಅವಳು ನಿಂತರೆ ಬಾಗಿಲುಗಳು ನಾಚುತ್ತಿದ್ದವು. ಇಲ್ಲಿ ಅವಳು ನಿಂತದ್ದು ಯಾರಿಗೂ ಚುಚ್ಚಲಿಲ್ಲ. ಅವಳಂಥವರು ನಿಲ್ಲುವುದು ಇಲ್ಲಿ ವಾಡಿಕೆ.

ಮಧ್ಯಾಹ್ನ ಅಧ್ಯಕ್ಷರೇ ಬಂದರು. ಸಿಟ್ಟಿರಲಿಲ್ಲ. ಅದೇ ನಗುಮುಖ.

"ಅಯ್ಯೋ, ಯಾವಾಗ ಬಂದೆಯಮ್ಮ? ಹೇಳಿಕಳಿಸಬಾರದಾ?"

"ತಪ್ಪಾಯ್ತು ಸಾರ್," ಅಂದಳು. ಆ ಮಾತನ್ನು ದಾರಿಯುದ್ದಕ್ಕೂ ಬಾಯಲ್ಲಿ ಹೊತ್ತು ತಂದ ಹಾಗಿತ್ತು. ಇಳಿಸಿದರೂ ಹಗುರಾಗಲಿಲ್ಲ.

"ನನಗೇನೂ ಬೇಜಾರಿಲ್ಲ. ಮುಯ್ಯಿ ತೀರಿಸಿಕೊಂಡಳು ಅಂತ ನಮ್ಮವರು ಆಡ್ಕೊಂಡ್ರು. ನಾನು ಹಾಗೆ ಅಂದ್ಕೊಳ್ಳಲಿಲ್ಲ. ಆದ್ರೆ ಒಂದು ತಿಳ್ಕೊಮ್ಮ, ಸೇವೆಗೆ ವಾಪಸ್ ಕೇಳಬಾರದು. ಕೇಳಿದ್ರೆ ಅದು ಸೇವೆ ಅಲ್ಲ."

"ಸೀಟು ಸಾರ್. ಭಾವನಿಗೆ ಉಸಿರು ಕಟ್ಟುತ್ತೆ."

"ಅದು ಕಮಿಟಿ ತೀರ್ಮಾನ. ಹೊಸಬಳಿಗೆ ಕೊಟ್ಟಾಗಿದೆ. ಪಾಪ, ಅವಳೂ ನಿಮ್ಮ ಗುಡ್ಡದವಳೇ. ಆಚೆ ಮಗ್ಗುಲಿನ ಓಣಿ. ಎರಡು ಚಿಕ್ಕ ಮಕ್ಕಳು. ಅವಳದು ಕಿತ್ತು ನಿನಗೆ ಕೊಡು ಅಂತೀಯಾ? ಹೇಳು, ನೀನು ಹೇಳಿದ್ರೆ ಮಾಡ್ತೀನಿ."

ಅವರು ನಿಜವಾಗಿಯೂ ಕಾದರು. ಅವಳು ಬಾಯಿ ತೆರೆದಳು. ಅವಳ ನಾಲಿಗೆಯ ಮೇಲೆ ಎರಡು ಮಕ್ಕಳಿದ್ದವು. ಭಾವನೂ ಇದ್ದ. ಕೈಯಲ್ಲಿದ್ದ ಯಾರದೋ ಚೀಲವನ್ನು ಮೆಲ್ಲಗೆ ಸೋಫಾದ ಮೇಲಿಟ್ಟು ಹೊರಗೆ ಬಂದಳು.

ದರ್ಜಿ ಈಗ ಬೆಳಿಗ್ಗೆ ಎದ್ದರೆ ಅಳತೆ ಟೇಪನ್ನು ತನ್ನ ಕಾಲಿಗೆ ಸುತ್ತುತ್ತಿದ್ದ. "ಪ್ಯಾಂಟು ಅಗಲ ಮಾಡಬೇಕು ಕಣೇ. ಬಡವರಿಗೆ ಮೈ ಬರೋದು ಹೀಗೇನೇ," ಅನ್ನುತ್ತಿದ್ದ. ಅವಳು ನಕ್ಕರೆ ಅವನಿಗೆ ಸಮಾಧಾನ. ಅದಕ್ಕೆ ನಗುತ್ತಿದ್ದಳು. ಮಲಗಿದರೆ ಅವನಿಗೆ ಉಸಿರಾಡಲು ಆಗುತ್ತಿರಲಿಲ್ಲ. ಕೂತೇ ನಿದ್ದೆ ಮಾಡುತ್ತಿದ್ದ.

ಮೊದಲು ಭಾವನದಾಗಿದ್ದ ಯಂತ್ರದ ದಿನ ಬಂತು. ಬೆಳಿಗ್ಗೆ ಆಚೆ ಮಗ್ಗುಲಿನ ಓಣಿಯವರು ಬಂದು ಬಾಗಿಲಲ್ಲಿ ನಿಂತರು. ಅವರ ಜೋಲಿಯ ಹಗ್ಗ ಕಿತ್ತುಹೋಗಿತ್ತು. ಸೀಟು ಸಿಕ್ಕ ಹೆಂಗಸನ್ನು ಇಳಿಸಬೇಕಿತ್ತು. ಜೋಲಿ ಬೇಕು, ಕೆಳಬದಿಗೆ ಒಂದು ಹೆಗಲು ಬೇಕು. ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಸುಮ್ಮನೆ ನಿಂತರು. ಅವಳಿಂದಲೇ ಕಲಿತದ್ದು.

ಅವಳು ಭಾವನ ಕಡೆ ನೋಡಿದಳು.

"ನೋಡ್ತೀಯೇನೇ? ಹೋಗು," ಅಂದ ಅವನು. "ಮುಯ್ಯಿ."

ಹೋದಳು. ಹೆಂಗಸು ಸಣ್ಣವಳು, ಆದರೆ ನೀರು ತುಂಬಿ ಭಾರವಾಗಿದ್ದಳು. ತನಗೆ ಸಿಕ್ಕ ಸೀಟು ಯಾರದಿತ್ತೆಂದು ಅವಳಿಗೆ ಗೊತ್ತಿತ್ತು. ಹಗ್ಗ ಬಿಗಿಯುವಾಗ ಕಣ್ಣು ಎತ್ತಲಿಲ್ಲ. ಹೆಗಲಕ್ಕ ಎಂದಿನ ಮಾತನ್ನು ಹೇಳಲಿಲ್ಲ. ಆ ಹೆಂಗಸೇ ಹೇಳಿದಳು, ಪಿಸುದನಿಯಲ್ಲಿ: "ಹೊರ್ತೀವಿ ಅಕ್ಕ. ನನ್ನ ಗಂಡ ಹೊರ್ತಾನೆ."

ಸಂಜೆ ಅವಳನ್ನು ಕೂರಿಸಿಕೊಂಡು ಹತ್ತಿದರು. ಕೆಳಬದಿಯಲ್ಲಿ ಹೆಗಲಕ್ಕ. ಗಳ ಕಚ್ಚಲಿಲ್ಲ. ಒಂದೊಂದು ಮೆಟ್ಟಿಲಿಗೂ ಅವಳ ಹೆಗಲು ಆ ಹಗುರವನ್ನು ಅಳೆಯಿತು. ಭಾವನ ಹಗುರ ಅದು. ಅವನದು ಇವಳಿಗೆ ಬಂದಿತ್ತು. ಹಗುರವಾದ ಗಳದ ಅಡಿಯಲ್ಲಿ ಅವಳು ಎಂದೂ ಏದುಸಿರು ಬಿಟ್ಟವಳಲ್ಲ. ಆ ದಿನ ಬಿಟ್ಟಳು.

ಜೋಲಿಯನ್ನು ಸುತ್ತಿ ಎದೆಗೆ ಹಿಡಿದುಕೊಂಡು ಭಾವನ ಬಾಗಿಲಿಗೆ ಬಂದಾಗ ಅವನು ಹೊಲಿಗೆ ಯಂತ್ರಕ್ಕೆ ಒರಗಿ ಕೂತಿದ್ದ.

"ಹಗುರಾದ್ಲಾ?"

"ಹ್ಞೂಂ."

"ಅವಳು ಸಣ್ಣವಳು. ಜೋಲಿ ಅಗಲ ಆಗಿರುತ್ತೆ. ಒಂದು ಕಡೆಗೆ ಜಾರ್ತಿದ್ಲಾ?"

ಅವಳು ಜೋಲಿಯನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು. ಜಾರುತ್ತಿದ್ದಳು. ದಾರಿಯುದ್ದಕ್ಕೂ ಒಂದು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದರು.

"ತಾ ಇಲ್ಲಿ. ಹೊಲಿಗೆ ಬಿಚ್ಚಿ ಹಿಡಿಸಿ ಸಣ್ಣ ಮಾಡಿ ಕೊಡ್ತೀನಿ."

"ಹಿಡಿಸಿದ್ರೆ ನಿಮಗೆ ಆಗಲ್ಲ ಭಾವ."

"ನನಗೆ ಇನ್ನೆಲ್ಲಿಗೆ? ತಾ."

ಅವಳು ಕೊಡಲಿಲ್ಲ. ಅವನು ಕೈ ಚಾಚಿಕೊಂಡೇ ಇದ್ದ. ಅವನು ಕೂತಿದ್ದ, ಅವಳು ನಿಂತಿದ್ದಳು. ನಿಲ್ಲುವುದರಲ್ಲಿ ಗುಡ್ಡದಲ್ಲಿ ಅವಳನ್ನು ಗೆದ್ದವರಿಲ್ಲ. ಅವನು ಕೂತೇ ಗೆದ್ದ. ಜೋಲಿ ಅವನ ತೊಡೆಯ ಮೇಲೆ ಬಂತು.

ಅವನು ಬಟ್ಟೆಯನ್ನು ಬೆರಳಿನಿಂದ ತಡವಿ ತನ್ನ ಹಳೆಯ ಹೊಲಿಗೆಯನ್ನು ಹುಡುಕಿದ. ಕತ್ತರಿ ತೆಗೆದುಕೊಂಡ. ಕತ್ತರಿಯ ಉಂಗುರದೊಳಗೆ ಹೆಬ್ಬೆರಳು ಹೋಗಲಿಲ್ಲ. ಬಾಗಿಸಿ ನೋಡಿದ, ತಿರುಗಿಸಿ ನೋಡಿದ. ಎಡಗೈಯಲ್ಲಿ ನೋಡಿದ. ಬೆರಳು ಊದಿ ಉಂಗುರಕ್ಕಿಂತ ದಪ್ಪವಾಗಿತ್ತು. ಹೋಗಲಿಲ್ಲ.

ಅವನು ಕತ್ತರಿಯನ್ನು ತಿರುಗಿಸಿ ಅವಳ ಕಡೆಗೆ ಹಿಡಿದ.

"ನೀನೇ ಬಿಚ್ಚು," ಅಂದ. "ಎಲ್ಲಿ ಅಂತ ನಾನು ತೋರಿಸ್ತೀನಿ."